ಪಿಎಸ್‌ಎ ರಿಪೋರ್ಟಿನ ಅಂಕಿ ಎಲ್ಲಿಂದ ಬರುತ್ತದೆ?

ವಯಸ್ಸಾದ ಗಂಡಸರಿಗೆ ಮೂತ್ರದ ತೊಂದರೆ ಶುರುವಾದಾಗ ವೈದ್ಯರು ಬರೆದುಕೊಡುವ ರಕ್ತಪರೀಕ್ಷೆಗಳಲ್ಲಿ ಪಿಎಸ್‌ಎ ಒಂದು. ಶಿರಾದಲ್ಲಿ ಮಾಡಿಸಿದರೂ ತುಮಕೂರಿನಲ್ಲಿ ಮಾಡಿಸಿದರೂ ರಿಪೋರ್ಟಿನಲ್ಲಿ ಬರುವುದು ಒಂದೇ ಒಂದು ಸಂಖ್ಯೆ. ಅದರ ಪಕ್ಕದಲ್ಲಿ ಸಾಮಾನ್ಯವಾಗಿ ‘0ಯಿಂದ 4’ ಎಂದು ಮಿತಿಯನ್ನು ಅಚ್ಚು ಮಾಡಿರುತ್ತಾರೆ. ಮನೆಯವರು ನೋಡುವುದೂ ಅಷ್ಟನ್ನೇ. ನಾಲ್ಕಕ್ಕಿಂತ ಕಡಿಮೆ ಇದ್ದರೆ ಎಲ್ಲರಿಗೂ ಸಮಾಧಾನ, ಹೆಚ್ಚಿದ್ದರೆ ಕ್ಯಾನ್ಸರ್ ಎಂದು ಮನೆಯಲ್ಲಿ ಊಟ ಸೇರುವುದಿಲ್ಲ. ಆದರೆ ಆ ಸಮಾಧಾನವೂ ತಪ್ಪಾಗಬಹುದು, ಆ ಭಯವೂ ತಪ್ಪಾಗಬಹುದು. ಏಕೆಂದು ತಿಳಿಯಬೇಕಾದರೆ ಈ ಅಂಕಿ ದೇಹದಲ್ಲಿ ಎಲ್ಲಿ, ಯಾರ ಆದೇಶದ ಮೇಲೆ ತಯಾರಾಗುತ್ತದೆ ಎಂದು ತಿಳಿಯಬೇಕು.

ನಾನು ಓದುತ್ತಿರುವುದು ಕಾಮರ್ಸ್. ನಮ್ಮ ಮನೆಯಲ್ಲಿ ಇಂಥದೊಂದು ರಿಪೋರ್ಟು ಬಂದ ಮೇಲೆ ವಿಜ್ಞಾನ ವಿಭಾಗದ ಗೆಳೆಯರಿಂದ ದ್ವಿತೀಯ ಪಿಯುಸಿ ಜೀವಶಾಸ್ತ್ರ ಪುಸ್ತಕ ತೆಗೆದುಕೊಂಡು ಓದಿದೆ. ಅದರಲ್ಲಿ ಪ್ರಾಸ್ಟೇಟ್ ಗ್ರಂಥಿ ಒಂದು ಅಧ್ಯಾಯದಲ್ಲಿದೆ, ಜೀನುಗಳ ನಿಯಂತ್ರಣ ಇನ್ನೊಂದು ಅಧ್ಯಾಯದಲ್ಲಿದೆ. ಎರಡನ್ನೂ ಸೇರಿಸಿ ನೋಡಿದರೆ ಆ ರಿಪೋರ್ಟು ಅರ್ಥವಾಗುತ್ತದೆ.

ಗ್ರಂಥಿ ಯಾವುದು, ಕೆಲಸ ಏನು?

ಪ್ರಾಸ್ಟೇಟ್ ಗಂಡಸರಲ್ಲಿ ಮಾತ್ರ ಇರುವ ಗ್ರಂಥಿ. ಗಾತ್ರದಲ್ಲಿ ಒಂದು ಅಖ್ರೋಟಿನಷ್ಟು. ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು ಕುಳಿತಿದೆ. ವಯಸ್ಸಾದಂತೆ ಇದು ಬಹಳ ಜನರಲ್ಲಿ ದೊಡ್ಡದಾಗುತ್ತದೆ. ನಡುವೆ ಹಾದುಹೋಗುವ ನಾಳ ಒತ್ತಿಕೊಳ್ಳುತ್ತದೆ. ಆಗ ರಾತ್ರಿ ನಾಲ್ಕೈದು ಸಲ ಏಳುವುದು, ಧಾರೆ ಸಣ್ಣದಾಗುವುದು, ಮುಗಿದ ಮೇಲೂ ಹನಿಯುವುದು ಇವೆಲ್ಲ ಬರುತ್ತವೆ. ಈ ಬೆಳವಣಿಗೆ ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಬೇರೆ ಕಾಯಿಲೆ. ಆದರೆ ಎರಡೂ ಅದೇ ಗ್ರಂಥಿಯಲ್ಲಿ, ಹೆಚ್ಚುಕಡಿಮೆ ಅದೇ ವಯಸ್ಸಿನಲ್ಲಿ ಬರುವುದರಿಂದ ಗೊಂದಲವಾಗುತ್ತದೆ.

ಈ ಗ್ರಂಥಿ ಸ್ರವಿಸುವ ದ್ರವ ವೀರ್ಯದ ಒಂದು ಭಾಗ. ಆ ದ್ರವದಲ್ಲಿ ಹಲವು ಕಿಣ್ವಗಳಿವೆ. ಅವುಗಳಲ್ಲಿ ಎರಡು ಪ್ರಸಿದ್ಧ. ಒಂದು ಪ್ರಾಸ್ಟೇಟಿನ ಆಸಿಡ್ ಫಾಸ್ಫಟೇಸ್. ಇನ್ನೊಂದು ಪ್ರಾಸ್ಟೇಟ್ ಸ್ಪೆಸಿಫಿಕ್ ಆಂಟಿಜೆನ್, ಅಂದರೆ ಪಿಎಸ್‌ಎ. ಹೆಸರಿನಲ್ಲಿ ‘ಆಂಟಿಜೆನ್’ ಎಂದಿದ್ದರೂ ಪಿಎಸ್‌ಎ ಪ್ರೋಟೀನುಗಳನ್ನು ಕತ್ತರಿಸುವ ಒಂದು ಕಿಣ್ವ. ವೀರ್ಯ ಮೊದಲು ಹೆಪ್ಪಿನಂತೆ ಗಟ್ಟಿಯಾಗುತ್ತದೆ. ಅದಕ್ಕೆ ಕಾರಣ ಸೆಮಿನೋಜೆಲಿನ್ ಎಂಬ ಪ್ರೋಟೀನು. ಪಿಎಸ್‌ಎ ಅದನ್ನು ಕತ್ತರಿಸಿ ಸ್ವಲ್ಪ ಹೊತ್ತಿನಲ್ಲಿ ಮತ್ತೆ ನೀರಾಗಿಸುತ್ತದೆ. ಸಂತಾನಕ್ಕೆ ಬೇಕಾದ ಒಂದು ಸಹಜ ಕೆಲಸ ಇದು. ಪಿಎಸ್‌ಎ ಇರುವುದೇ ರೋಗವಲ್ಲ.

ಒಂದೇ ಲೆಕ್ಕದ ಪುಸ್ತಕ, ಬೇರೆ ಬೇರೆ ಶಾಖೆ

ಮನುಷ್ಯನ ದೇಹದಲ್ಲಿ ಪ್ರೋಟೀನು ತಯಾರಿಸುವ ಜೀನುಗಳು ಸುಮಾರು 20,000. ಕಣ್ಣಿನ ಜೀವಕೋಶದಲ್ಲೂ ಯಕೃತ್ತಿನ ಜೀವಕೋಶದಲ್ಲೂ ಪ್ರಾಸ್ಟೇಟಿನ ಜೀವಕೋಶದಲ್ಲೂ ಇರುವ ಡಿಎನ್‌ಎ ಒಂದೇ. ಒಂದು ಬ್ಯಾಂಕಿನ ಎಲ್ಲ ಶಾಖೆಗಳಿಗೂ ಒಂದೇ ನಿಯಮಗಳ ಪುಸ್ತಕ ಕೊಟ್ಟ ಹಾಗೆ. ಆದರೆ ಹಳ್ಳಿಯ ಶಾಖೆ ಬೆಳೆಸಾಲದ ಪುಟವನ್ನು ದಿನಾ ತೆರೆಯುತ್ತದೆ, ವಿದೇಶಿ ವಿನಿಮಯದ ಪುಟವನ್ನು ಮುಟ್ಟುವುದೇ ಇಲ್ಲ. ಜೀವಕೋಶಗಳೂ ಹಾಗೆಯೇ. ಯಾವ ಜೀನನ್ನು ಓದಬೇಕು, ಯಾವುದನ್ನು ಮುಚ್ಚಿಡಬೇಕು ಎಂಬುದರಲ್ಲಿ ಅಂಗಾಂಶಗಳು ಬೇರೆಯಾಗುತ್ತವೆ. ಒಂದು ಜೀನನ್ನು ಓದಿ, ಎಂ-ಆರ್‌ಎನ್‌ಎ ಎಂಬ ನಕಲು ತೆಗೆದು, ಅದರಿಂದ ಪ್ರೋಟೀನು ತಯಾರಿಸುವುದಕ್ಕೆ ಜೀನಿನ ಅಭಿವ್ಯಕ್ತಿ ಎನ್ನುತ್ತಾರೆ.

ಪಿಎಸ್‌ಎ ಜೀನಿನ ವೈಜ್ಞಾನಿಕ ಹೆಸರು ಕೆಎಲ್‌ಕೆ3. ಅದು 19ನೇ ವರ್ಣತಂತುವಿನಲ್ಲಿದೆ. ಅದರ ಅಕ್ಕಪಕ್ಕದಲ್ಲೇ ಅದೇ ಕುಟುಂಬದ ಇನ್ನೂ 14 ಜೀನುಗಳು ಸಾಲಾಗಿವೆ. ಈ ಜೀನು ನಮ್ಮ ದೇಹದ ಪ್ರತಿ ಸಾಮಾನ್ಯ ಜೀವಕೋಶದ ಕೋಶಕೇಂದ್ರದಲ್ಲೂ ಇದೆ. ಆದರೆ ಹೇರಳವಾಗಿ ಓದಲ್ಪಡುವುದು ಪ್ರಾಸ್ಟೇಟಿನ ಒಳಪದರದ ಜೀವಕೋಶಗಳಲ್ಲಿ ಮಾತ್ರ. ಬೇರೆ ಕಡೆ ಸಿಗುವುದು ತೀರ ಅಲ್ಪ. ಇದಕ್ಕೆ ಒಳ್ಳೆಯ ಸಾಕ್ಷಿ ಶಸ್ತ್ರಚಿಕಿತ್ಸೆ. ಕ್ಯಾನ್ಸರ್ ಬಂದು ಪ್ರಾಸ್ಟೇಟನ್ನು ಪೂರ್ತಿ ತೆಗೆದುಹಾಕಿದರೆ, ಕೆಲವು ವಾರಗಳಲ್ಲಿ ರಕ್ತದ ಪಿಎಸ್‌ಎ ಅಳತೆಗೆ ಸಿಗದಷ್ಟು ಇಳಿಯಬೇಕು. ಇಳಿಯದೇ ಇದ್ದರೆ, ಅಥವಾ ಇಳಿದದ್ದು ಮತ್ತೆ ಏರಿದರೆ, ಪ್ರಾಸ್ಟೇಟಿನ ಜೀವಕೋಶಗಳು ದೇಹದಲ್ಲಿ ಎಲ್ಲೋ ಉಳಿದಿವೆ ಎಂದು ವೈದ್ಯರು ತಿಳಿಯುತ್ತಾರೆ.

ಹಾರ್ಮೋನಿನ ಆದೇಶ

ಪುಟ ಇದ್ದರೆ ಸಾಲದು, ತೆರೆಯಲು ಆದೇಶ ಬೇಕು. ಆ ಆದೇಶ ಟೆಸ್ಟೋಸ್ಟಿರೋನ್ ಎಂಬ ಗಂಡು ಹಾರ್ಮೋನಿನಿಂದ ಬರುತ್ತದೆ. ಅದು ಮುಖ್ಯವಾಗಿ ವೃಷಣಗಳಲ್ಲಿ ತಯಾರಾಗಿ ರಕ್ತದಲ್ಲಿ ಎಲ್ಲ ಅಂಗಗಳಿಗೂ ಹೋಗುತ್ತದೆ. ಪ್ರಾಸ್ಟೇಟಿನೊಳಗೆ ಬಂದಾಗ 5-ಆಲ್ಫಾ ರಿಡಕ್ಟೇಸ್ ಎಂಬ ಕಿಣ್ವ ಅದನ್ನು ಡೈಹೈಡ್ರೋ ಟೆಸ್ಟೋಸ್ಟಿರೋನ್ ಆಗಿ ಬದಲಿಸುತ್ತದೆ. ಇದನ್ನು ಡಿಎಚ್‌ಟಿ ಎಂದು ಕರೆಯುತ್ತಾರೆ. ಡಿಎಚ್‌ಟಿ ಟೆಸ್ಟೋಸ್ಟಿರೋನಿಗಿಂತ ಹೆಚ್ಚು ಬಲವಾದದ್ದು.

ಜೀವಕೋಶದೊಳಗೆ ಈ ಹಾರ್ಮೋನನ್ನು ಹಿಡಿದುಕೊಳ್ಳಲು ಒಂದು ಗ್ರಾಹಕ ಪ್ರೋಟೀನು ಕಾದಿರುತ್ತದೆ. ಅದರ ಹೆಸರು ಆಂಡ್ರೋಜನ್ ಗ್ರಾಹಕ. ಹಾರ್ಮೋನು ಸಿಗುವವರೆಗೆ ಬೇರೆ ಪ್ರೋಟೀನುಗಳು ಅದನ್ನು ಹಿಡಿದಿಟ್ಟಿರುತ್ತವೆ. ಡಿಎಚ್‌ಟಿ ಬಂದು ಕೂತ ತಕ್ಷಣ ಅವು ಕಳಚಿಕೊಳ್ಳುತ್ತವೆ, ಗ್ರಾಹಕ ಕೋಶಕೇಂದ್ರಕ್ಕೆ ಹೋಗುತ್ತದೆ. ಅಲ್ಲಿ ಪಿಎಸ್‌ಎ ಜೀನಿನ ಮುಂಭಾಗದಲ್ಲಿ ಅದು ಕೂರಲೆಂದೇ ಗುರುತಿನ ಜಾಗಗಳಿವೆ. ಕೆಲವು ಜೀನಿನ ಬಾಗಿಲಲ್ಲೇ ಇವೆ. ಇನ್ನೊಂದು ಮುಖ್ಯವಾದ ಜಾಗ ಸುಮಾರು 4,000 ಅಕ್ಷರಗಳಷ್ಟು ದೂರದಲ್ಲಿದೆ. ಅಲ್ಲಿ ಗ್ರಾಹಕ ಕೂತಾಗ ಡಿಎನ್‌ಎ ದಾರದಂತೆ ಬಾಗಿ ದೂರದ ಜಾಗವನ್ನು ಬಾಗಿಲ ಹತ್ತಿರ ತರುತ್ತದೆ. ಆಮೇಲೆ ಜೀನನ್ನು ಓದುವ ಕೆಲಸ ಜೋರಾಗುತ್ತದೆ.

ಇದರಲ್ಲಿ ನನಗೆ ಆಶ್ಚರ್ಯವಾದ ಒಂದು ಸಂಗತಿ ಇದೆ. ಈ ಆಂಡ್ರೋಜನ್ ಗ್ರಾಹಕದ ಜೀನು ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಗಂಡುಮಕ್ಕಳಿಗೆ ಎಕ್ಸ್ ಬರುವುದು ತಾಯಿಯಿಂದಲೇ. ಗಂಡು ಹಾರ್ಮೋನಿನ ಆದೇಶವನ್ನು ಓದುವ ಸಾಮರ್ಥ್ಯವನ್ನು ಪ್ರತಿಯೊಬ್ಬ ಗಂಡಸೂ ಅಮ್ಮನಿಂದಲೇ ಪಡೆದಿರುತ್ತಾನೆ.

ಇಲ್ಲಿ ಮಾತ್ರ ಏಕೆ?

ಇಲ್ಲೊಂದು ಪ್ರಶ್ನೆ ಏಳುತ್ತದೆ. ಆಂಡ್ರೋಜನ್ ಗ್ರಾಹಕ ಸ್ನಾಯುಗಳಲ್ಲಿದೆ, ಚರ್ಮದಲ್ಲಿದೆ, ಕೂದಲ ಬೇರಿನಲ್ಲೂ ಇದೆ. ಹಾರ್ಮೋನೂ ಅಲ್ಲಿಗೆ ಹೋಗುತ್ತದೆ. ಹಾಗಿದ್ದರೆ ತೋಳಿನ ಸ್ನಾಯು ಪಿಎಸ್‌ಎ ಏಕೆ ತಯಾರಿಸುವುದಿಲ್ಲ?

ಉತ್ತರ ಡಿಎನ್‌ಎಯನ್ನು ಸುತ್ತಿಟ್ಟಿರುವ ಬಗೆಯಲ್ಲಿದೆ. ಡಿಎನ್‌ಎ ಪ್ರೋಟೀನಿನ ಉಂಡೆಗಳ ಸುತ್ತ ಬಿಗಿಯಾಗಿ ಸುತ್ತಿಕೊಂಡಿರುತ್ತದೆ. ಬಿಗಿಯಾಗಿರುವ ಭಾಗಕ್ಕೆ ಗ್ರಾಹಕ ಹೋಗಿ ಕೂರಲು ಆಗುವುದಿಲ್ಲ. ಪ್ರಾಸ್ಟೇಟಿನ ಜೀವಕೋಶಗಳಲ್ಲಿ ಫಾಕ್ಸ್-ಎ1, ಹಾಕ್ಸ್-ಬಿ13 ಎಂಬ ಸಹಾಯಕ ಪ್ರೋಟೀನುಗಳು ಇರುತ್ತವೆ. ಪಿಎಸ್‌ಎ ಜೀನಿನ ಸುತ್ತಲಿನ ಗಂಟನ್ನು ಸಡಿಲಿಸಿ, ಗ್ರಾಹಕ ಸರಿಯಾದ ಜಾಗದಲ್ಲಿ ಕೂರಲು ಇವು ನೆರವಾಗುತ್ತವೆ. ಸ್ನಾಯುವಿನಲ್ಲಿ ಈ ಜೋಡಿ ಇಲ್ಲ. ಅಲ್ಲಿ ಅದೇ ಹಾರ್ಮೋನು ಬೇರೆ ಪುಟಗಳನ್ನು ತೆರೆಯುತ್ತದೆ. ಬ್ಯಾಂಕಿನ ಲಾಕರಿಗೆ ಎರಡು ಕೀಲಿ ಇರುತ್ತವಲ್ಲ, ಒಂದು ಗ್ರಾಹಕರ ಬಳಿ, ಒಂದು ಮ್ಯಾನೇಜರ್ ಬಳಿ. ಇಲ್ಲೂ ಹಾರ್ಮೋನಿನದು ಒಂದು ಕೀಲಿ, ಅಂಗಾಂಶದ್ದು ಇನ್ನೊಂದು. ಎರಡೂ ಸೇರಿದರೆ ಮಾತ್ರ ಪಿಎಸ್‌ಎ ತಯಾರಾಗುತ್ತದೆ.

1941ರ ಒಂದು ಸಂಶೋಧನೆ

ಜೀನು, ಗ್ರಾಹಕ ಇದೆಲ್ಲ ತಿಳಿಯುವ ಮೊದಲೇ ವೈದ್ಯರು ಈ ಸಂಬಂಧವನ್ನು ಗುರುತಿಸಿದ್ದರು. ಪ್ರಾಸ್ಟೇಟಿನಲ್ಲಿ ಆಸಿಡ್ ಫಾಸ್ಫಟೇಸ್ ತುಂಬ ಇದೆ ಎಂದು 1930ರ ದಶಕದಲ್ಲಿ ಗೊತ್ತಾಯಿತು. ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗಳಿಗೆ ಹರಡಿದವರ ರಕ್ತದಲ್ಲಿ ಅದು ಏರುತ್ತದೆ ಎಂಬುದೂ ಕಂಡಿತು. ಷಿಕಾಗೋ ವಿಶ್ವವಿದ್ಯಾಲಯದ ಚಾರ್ಲ್ಸ್ ಹಗಿನ್ಸ್ ಮತ್ತು ಕ್ಲಾರೆನ್ಸ್ ಹಾಜಸ್ 1941ರಲ್ಲಿ ಒಂದು ಮಹತ್ವದ ವರದಿ ಕೊಟ್ಟರು. ಅಂಥ ರೋಗಿಗಳ ವೃಷಣ ತೆಗೆದಾಗ ಅಥವಾ ಹೆಣ್ಣು ಹಾರ್ಮೋನು ಕೊಟ್ಟಾಗ ರಕ್ತದಲ್ಲಿ ಆ ಕಿಣ್ವ ಇಳಿಯಿತು. ಗಂಡು ಹಾರ್ಮೋನು ಕೊಟ್ಟಾಗ ಏರಿತು. ಕ್ಯಾನ್ಸರ್ ಕೂಡ ಹಾರ್ಮೋನಿನ ಮಾತು ಕೇಳುತ್ತದೆ ಎಂದು ಇದರಿಂದ ತಿಳಿಯಿತು. ಹಗಿನ್ಸ್ ಅವರಿಗೆ 1966ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಇಂದಿಗೂ ಹರಡಿದ ಪ್ರಾಸ್ಟೇಟ್ ಕ್ಯಾನ್ಸರಿಗೆ ಮೊದಲ ಹೆಜ್ಜೆ ಹಾರ್ಮೋನನ್ನು ತಡೆಯುವುದೇ.

ಪಿಎಸ್‌ಎ ಬಂದದ್ದು ನಂತರ. ಅಮೆರಿಕದ ಬಫಲೋ ನಗರದ ರಾಸ್ವೆಲ್ ಪಾರ್ಕ್ ಸಂಸ್ಥೆಯ ವಿಜ್ಞಾನಿಗಳು 1979ರಲ್ಲಿ ಅದನ್ನು ಪ್ರಾಸ್ಟೇಟಿನಿಂದ ಶುದ್ಧವಾಗಿ ಬೇರ್ಪಡಿಸಿದರು. ಚಿಕಿತ್ಸೆ ಪಡೆದ ರೋಗಿಗಳನ್ನು ಗಮನಿಸಲು ಆ ಪರೀಕ್ಷೆಗೆ ಅಮೆರಿಕದಲ್ಲಿ 1986ರಲ್ಲಿ ಅನುಮತಿ ಸಿಕ್ಕಿತು. ಹೊಸದಾಗಿ ರೋಗ ಪತ್ತೆಹಚ್ಚಲು ನೆರವಾಗಿ ಬಳಸಲು 1994ರಲ್ಲಿ ಅನುಮತಿ ಬಂತು. ಆಮೇಲೆ ಆಸಿಡ್ ಫಾಸ್ಫಟೇಸ್ ಪರೀಕ್ಷೆ ಹಿಂದೆ ಬಿತ್ತು.

ಅಂಕಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಆರೋಗ್ಯವಾಗಿದ್ದಾಗ ಪಿಎಸ್‌ಎ ಗ್ರಂಥಿಯ ಸಣ್ಣ ನಾಳಗಳೊಳಗೆ ಸ್ರವಿಸುತ್ತದೆ. ವೀರ್ಯದಲ್ಲಿ ಅದರ ಪ್ರಮಾಣ ರಕ್ತದಲ್ಲಿರುವುದಕ್ಕಿಂತ ಸುಮಾರು ಹತ್ತು ಲಕ್ಷ ಪಟ್ಟು ಹೆಚ್ಚು. ರಕ್ತಕ್ಕೆ ಸೋರುವುದು ಚೂರೇ ಚೂರು. ರಿಪೋರ್ಟಿನ ‘4’ ಎಂದರೆ ಒಂದು ಮಿಲಿಲೀಟರ್ ರಕ್ತದಲ್ಲಿ 4 ನ್ಯಾನೋಗ್ರಾಂ. ಒಂದು ಗ್ರಾಂನ ನೂರು ಕೋಟಿಯಲ್ಲಿ ಒಂದು ಭಾಗ ಒಂದು ನ್ಯಾನೋಗ್ರಾಂ.

ಕ್ಯಾನ್ಸರ್ ಬಂದಾಗ ಗ್ರಂಥಿಯ ಗೋಡೆಗಳ ಜೋಡಣೆ ಕೆಡುತ್ತದೆ, ಪಿಎಸ್‌ಎ ರಕ್ತಕ್ಕೆ ಹೆಚ್ಚು ಸೋರುತ್ತದೆ. ಕ್ಯಾನ್ಸರ್ ಜೀವಕೋಶ ಒಂದೊಂದೂ ಹೆಚ್ಚು ಪಿಎಸ್‌ಎ ತಯಾರಿಸುತ್ತದೆ ಎಂದಲ್ಲ, ಸೋರಿಕೆ ಹೆಚ್ಚು. ಆದರೆ ಸೋರಿಕೆಗೆ ಬೇರೆ ಕಾರಣಗಳೂ ಇವೆ. ಗ್ರಂಥಿ ಸುಮ್ಮನೆ ದೊಡ್ಡದಾಗಿದ್ದರೂ ಪಿಎಸ್‌ಎ ಏರುತ್ತದೆ. ಸೋಂಕು ಇದ್ದರೆ ಏರುತ್ತದೆ. ಮೂತ್ರ ಕಟ್ಟಿಕೊಂಡು ನಳಿಕೆ ಹಾಕಿದ್ದರೂ ಏರುತ್ತದೆ. ಅದಕ್ಕೇ ಸೋಂಕು ವಾಸಿಯಾಗಿ ಕೆಲವು ವಾರ ಕಳೆದ ಮೇಲೆ ಮತ್ತೆ ಪರೀಕ್ಷೆ ಮಾಡಿಸುತ್ತಾರೆ. ಇನ್ನೊಂದು ಕಡೆ, ನಾಲ್ಕಕ್ಕಿಂತ ಕಡಿಮೆ ಇದ್ದವರಲ್ಲೂ ಕೆಲವರಿಗೆ ಕ್ಯಾನ್ಸರ್ ಇರುವುದುಂಟು.

ಅಕೌಂಟೆನ್ಸಿಯಲ್ಲಿ ನಮಗೆ ಮೊದಲೇ ಕಲಿಸುವ ಮಾತು ಇದು: ಟ್ರಯಲ್ ಬ್ಯಾಲೆನ್ಸ್ ತಾಳೆಯಾದ ಮಾತ್ರಕ್ಕೆ ಲೆಕ್ಕದಲ್ಲಿ ತಪ್ಪಿಲ್ಲ ಎಂದಲ್ಲ. ಪಿಎಸ್‌ಎ ಕೂಡ ಒಟ್ಟು ಮೊತ್ತವಷ್ಟೇ. ಆ ಮೊತ್ತಕ್ಕೆ ಯಾರು ಎಷ್ಟು ಜಮಾ ಮಾಡಿದರು ಎಂದು ಅದು ಹೇಳುವುದಿಲ್ಲ.

ಮಾತ್ರೆ ಮತ್ತು ಅರ್ಧವಾಗುವ ಅಂಕಿ

ಇಲ್ಲಿ ನಮ್ಮ ನಾನಾ ಅವರ ಸಂಗತಿ ಹೇಳಬೇಕು. ಅವರಿಗೆ ಎಪ್ಪತ್ತು ದಾಟಿದೆ. ಎರಡು ವರ್ಷದ ಹಿಂದೆ ಅವರು ಮಸೀದಿಗೆ ಹೋಗುವುದನ್ನು ಕಡಿಮೆ ಮಾಡಿದರು. ಮಂಡಿನೋವು ಎಂದು ನಾವೆಲ್ಲ ಅಂದುಕೊಂಡೆವು. ನಿಜವಾದ ಕಾರಣ ಬೇರೆ ಇತ್ತು. ಮೂತ್ರ ಹನಿದು ವುಜೂ ಮುರಿಯುತ್ತದೆ, ಸಫ್‌ನಲ್ಲಿ ನಿಂತಾಗ ಬಟ್ಟೆ ಒದ್ದೆಯಾಗುತ್ತದೆ ಎಂಬ ಸಂಕೋಚ. ನಾನಿಗೂ ಹೇಳಿರಲಿಲ್ಲ. ಕೊನೆಗೆ ಮಾಮು ಒತ್ತಾಯಿಸಿ ವೈದ್ಯರ ಬಳಿ ಕರೆದೊಯ್ದರು. ಪಿಎಸ್‌ಎ 5.2 ಬಂತು. ಗ್ರಂಥಿ ದೊಡ್ಡದಾಗಿದೆ ಎಂದು ಫಿನಾಸ್ಟರೈಡ್ ಮಾತ್ರೆ ಕೊಟ್ಟರು. ಸುಮಾರು ಒಂದು ವರ್ಷದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದರೆ 3.1. ನಾಲ್ಕರ ಒಳಗೆ ಬಂತೆಂದು ಮನೆಯಲ್ಲಿ ಸಂತೋಷ. ಇನ್ನು ವೈದ್ಯರ ಬಳಿ ಹೋಗುವುದೇ ಬೇಡ ಎಂದರು ನಾನಾ. ಅಮ್ಮಿ ಬಿಡದೆ ಕಳಿಸಿದರು. ಮೂತ್ರರೋಗ ತಜ್ಞರು ಮಾತ್ರೆಯ ಚೀಟಿ ನೋಡಿ ಪೆನ್ನಿನಿಂದ 3.1ರ ಪಕ್ಕದಲ್ಲಿ ‘× 2’ ಎಂದು ಬರೆದರು. ಅಂದರೆ 6.2. ಅಂಕಿ ಇಳಿದಿರಲಿಲ್ಲ, ಏರಿತ್ತು.

ಏಕೆ ಎರಡರಿಂದ ಗುಣಿಸಬೇಕು? ಮೇಲೆ ಹೇಳಿದ್ದರಲ್ಲೇ ಉತ್ತರವಿದೆ. ಫಿನಾಸ್ಟರೈಡ್ 5-ಆಲ್ಫಾ ರಿಡಕ್ಟೇಸ್ ಕಿಣ್ವವನ್ನು ತಡೆಯುತ್ತದೆ. ಡಿಎಚ್‌ಟಿ ಕಡಿಮೆಯಾಗುತ್ತದೆ. ಗ್ರಾಹಕಕ್ಕೆ ಆದೇಶ ಕಡಿಮೆ, ಪಿಎಸ್‌ಎ ಜೀನನ್ನು ಓದುವುದೂ ಕಡಿಮೆ. ಗ್ರಂಥಿಯೂ ಸ್ವಲ್ಪ ಕುಗ್ಗುತ್ತದೆ, ಮೂತ್ರ ಸರಾಗವಾಗುತ್ತದೆ. ಆರು ತಿಂಗಳಿಂದ ಒಂದು ವರ್ಷದೊಳಗೆ ರಕ್ತದ ಪಿಎಸ್‌ಎ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ. ಇದೇ ಗುಂಪಿನ ಡ್ಯುಟಾಸ್ಟರೈಡ್ ಮಾತ್ರೆಗೂ ಇದೇ ಮಾತು. ಮಾತ್ರೆ ತೆಗೆದುಕೊಳ್ಳುವವರ ಅಂಕಿಯನ್ನು ಹಾಗೇ ಓದಬಾರದು. ಅರ್ಧಕ್ಕೆ ಇಳಿಯಬೇಕಾದದ್ದು ಇಳಿಯದಿದ್ದರೆ, ಅಥವಾ ಇಳಿದ ಮೇಲೆ ಮತ್ತೆ ಏರತೊಡಗಿದರೆ, ನಾಲ್ಕರ ಒಳಗಿದ್ದರೂ ವೈದ್ಯರು ಗಮನಿಸುತ್ತಾರೆ. ಲ್ಯಾಬಿನವರಿಗೆ ಮಾತ್ರೆಯ ವಿಷಯ ಗೊತ್ತಿರುವುದಿಲ್ಲ. ಅವರು ಅಚ್ಚು ಮಾಡುವುದು ಅದೇ ‘0ಯಿಂದ 4’.

ನಾನಾಗೆ ಎಂಆರ್‌ಐ ಮಾಡಿಸಿದರು. ಸದ್ಯಕ್ಕೆ ಆತಂಕ ಪಡುವಂಥದ್ದು ಕಾಣಲಿಲ್ಲ. ಆರು ತಿಂಗಳಿಗೊಮ್ಮೆ ತೋರಿಸಬೇಕು. ಹನಿಯುವ ತೊಂದರೆ ಇರುವವರಿಗೆ ನಮಾಜಿನ ವಿಷಯದಲ್ಲಿ ರಿಯಾಯಿತಿ ಇದೆ ಎಂದು ಇಮಾಮ್ ಸಾಹೇಬರು ವಿವರಿಸಿದ ಮೇಲೆ ಅವರು ಜುಮಾಗೆ ಹೋಗುತ್ತಿದ್ದಾರೆ.

ಈ ಮಾತ್ರೆಯ ಬಗ್ಗೆ ಇನ್ನೆರಡು ಮಾತು. ಗಂಡು ಭ್ರೂಣದ ಬೆಳವಣಿಗೆಗೆ ಡಿಎಚ್‌ಟಿ ಬೇಕು. ಹಾಗಾಗಿ ಗರ್ಭಿಣಿಯರು ಒಡೆದ ಅಥವಾ ಪುಡಿಯಾದ ಫಿನಾಸ್ಟರೈಡ್ ಮಾತ್ರೆಯನ್ನು ಮುಟ್ಟಬಾರದು. ಅಜ್ಜನಿಗೆ ಮಾತ್ರೆ ಅರ್ಧ ಮಾಡಿ ಕೊಡುವ ಕೆಲಸ ಮನೆಯ ಸೊಸೆಗೆ ಬರುವುದರಿಂದ ಇದನ್ನು ಹೇಳಬೇಕಾಯಿತು. ಎರಡನೆಯದು, ಪ್ರಾಸ್ಟೇಟಿಗೆ 5 ಮಿಲಿಗ್ರಾಂ ಕೊಡುವ ಇದೇ ಔಷಧವನ್ನು ಕೂದಲು ಉದುರುವುದಕ್ಕೆ 1 ಮಿಲಿಗ್ರಾಂ ಕೊಡುತ್ತಾರೆ. ಅದೂ ಪಿಎಸ್‌ಎ ಇಳಿಸುತ್ತದೆ. ಕೂದಲಿಗೆ ಮಾತ್ರೆ ತೆಗೆದುಕೊಳ್ಳುವವರೂ ಅದನ್ನು ವೈದ್ಯರಿಗೆ ಹೇಳಬೇಕು.

ಕೋವಿಡ್‌ಗೂ ಇದಕ್ಕೂ ಏನು ಸಂಬಂಧ?

ಪ್ರಾಸ್ಟೇಟಿನಲ್ಲಿ ಹಾರ್ಮೋನಿನ ಆದೇಶ ಕೇಳುವ ಇನ್ನೊಂದು ಕಿಣ್ವ ಟಿಎಂಪಿಆರ್‌ಎಸ್‌ಎಸ್2. ಇದರ ಜೀನು 21ನೇ ವರ್ಣತಂತುವಿನಲ್ಲಿದೆ. ಇದು ಪಿಎಸ್‌ಎಯಂತೆ ಒಂದೇ ಗ್ರಂಥಿಗೆ ಸೀಮಿತವಲ್ಲ, ಶ್ವಾಸಕೋಶ ಮತ್ತು ಕರುಳಿನಲ್ಲೂ ಇದೆ. 2020ರಲ್ಲಿ ಕೊರೋನಾ ವೈರಸ್ ನಮ್ಮ ಜೀವಕೋಶದೊಳಗೆ ನುಗ್ಗಲು ಇದೇ ಕಿಣ್ವವನ್ನು ಬಳಸಿಕೊಳ್ಳುತ್ತದೆ ಎಂದು ತಿಳಿಯಿತು. ಹಾಗಿದ್ದರೆ ಗಂಡು ಹಾರ್ಮೋನನ್ನು ತಡೆದರೆ ಕೋವಿಡ್ ಹಗುರವಾಗುತ್ತದೆಯೇ ಎಂದು ಸ್ವೀಡನ್ನಿನಲ್ಲಿ ಪ್ರಯೋಗ ಮಾಡಿದರು. ಪ್ರಾಸ್ಟೇಟ್ ಕ್ಯಾನ್ಸರಿಗೆ ಕೊಡುವ ಎನ್ಜಾಲುಟಮೈಡ್ ಔಷಧದಿಂದ ಕೋವಿಡ್ ರೋಗಿಗಳಿಗೆ ಲಾಭ ಕಾಣಲಿಲ್ಲ. ಪ್ರಾಸ್ಟೇಟಿನಲ್ಲಿ ನಡೆಯುವ ಮಾತು ಶ್ವಾಸಕೋಶದಲ್ಲೂ ನಡೆಯುತ್ತದೆ ಎಂದು ನಂಬುವಂತಿಲ್ಲ ಎಂಬುದಕ್ಕೆ ಇದೊಂದು ಉದಾಹರಣೆ.

ಕೆಲವು ಪ್ರಾಸ್ಟೇಟ್ ಕ್ಯಾನ್ಸರುಗಳಲ್ಲಿ ಈ ಜೀನಿನ ಮುಂಭಾಗ ಕಿತ್ತು, ಅದೇ ವರ್ಣತಂತುವಿನ ಇಆರ್‌ಜಿ ಎಂಬ ಜೀನಿಗೆ ಅಂಟಿಕೊಳ್ಳುತ್ತದೆ. ಆಗ ಹಾರ್ಮೋನು ಬಂದಾಗಲೆಲ್ಲ ಇಆರ್‌ಜಿ ಎದ್ದು ಕೂರುತ್ತದೆ. ಒಬ್ಬರಿಗೆ ಬರೆದ ಚೆಕ್ಕನ್ನು ಇನ್ನೊಬ್ಬರು ನಗದು ಮಾಡಿಕೊಂಡ ಹಾಗೆ. ಇದನ್ನು 2005ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಅರುಳ್ ಚಿನ್ನಯ್ಯನ್ ಅವರ ತಂಡ ಕಂಡುಹಿಡಿಯಿತು.

ನಮ್ಮ ದೇಶದಲ್ಲಿ ಈ ವಿಷಯದ ಮೇಲೆ ಕೆಲಸ ಮಾಡುತ್ತಿರುವವರಲ್ಲಿ ಐಐಟಿ ಕಾನ್ಪುರದ ಬುಶ್ರಾ ಅತೀಕ್ ಒಬ್ಬರು. ಅವರಿಗೆ 2020ರಲ್ಲಿ ವೈದ್ಯಕೀಯ ವಿಜ್ಞಾನಕ್ಕಾಗಿ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿ ಬಂತು. ಅವರ ತಂಡ ತೋರಿಸಿದ ಒಂದು ವಿಷಯ ಗಮನಾರ್ಹ. ಆಂಡ್ರೋಜನ್ ಗ್ರಾಹಕ ಕೆಲವು ಜೀನುಗಳನ್ನು ಮುಚ್ಚಿಯೂ ಇಡುತ್ತದೆ. ಸ್ಪಿಂಕ್1 ಅಂಥದೊಂದು. ಹಾರ್ಮೋನು ತಡೆಯುವ ಚಿಕಿತ್ಸೆ ಕೊಟ್ಟಾಗ ಆ ತಡೆ ಸಡಿಲವಾಗಿ ಸ್ಪಿಂಕ್1 ಏರಬಹುದು, ಕ್ಯಾನ್ಸರ್ ಹೊಸ ರೂಪ ತಾಳಲು ಅದು ನೆರವಾಗಬಹುದು. ಹಗಿನ್ಸ್ ತೋರಿಸಿದ ದಾರಿ ಉಪಯುಕ್ತವಾದರೂ ಅಲ್ಲಿಗೇ ಎಲ್ಲ ಮುಗಿಯುವುದಿಲ್ಲ ಎಂಬುದಕ್ಕೆ ಇದು ಒಂದು ಕಾರಣ.

ನಾವು ಮಾಡಬಹುದಾದದ್ದು

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ 1973ರಲ್ಲಿ ಆರಂಭವಾಯಿತು. ನೆಹರೂ ಸಂಪುಟದಲ್ಲಿ ಸಚಿವರಾಗಿದ್ದ ರಫೀ ಅಹ್ಮದ್ ಕಿದ್ವಾಯಿ ಅವರ ಹೆಸರು ಅದಕ್ಕಿದೆ. ಬೆಂಗಳೂರಿನ ಕ್ಯಾನ್ಸರ್ ಪ್ರಕರಣಗಳ ಲೆಕ್ಕವನ್ನು ಆ ಸಂಸ್ಥೆ 1982ರಿಂದ ಇಡುತ್ತಿದೆ. ಅಲ್ಲಿ ಗಂಡಸರಿಗೆ ಬರುವ ಮುಖ್ಯ ಕ್ಯಾನ್ಸರುಗಳಲ್ಲಿ ಪ್ರಾಸ್ಟೇಟ್ ಕೂಡ ಸೇರಿದೆ. ಮೂತ್ರಾಂಗದ ತೊಂದರೆಗಳಿಗೆ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಸರ್ಕಾರದ ನೆಫ್ರೋ ಯುರಾಲಜಿ ಸಂಸ್ಥೆ ಇದೆ. ತಾವರೆಕೆರೆಯಿಂದ ಹೆದ್ದಾರಿ ಹಿಡಿದರೆ ನೇರ ಬೆಂಗಳೂರು. ನಮ್ಮ ಊರುಗಳ ಹಿರಿಯರಿಗೆ ಆ ದಾರಿಗಿಂತ ಮನೆಯಲ್ಲಿ ಬಾಯಿ ಬಿಡುವುದೇ ದೂರವಾಗಿದೆ.

ಎಲ್ಲ ಗಂಡಸರೂ ಪಿಎಸ್‌ಎ ಮಾಡಿಸಬೇಕು ಎಂದು ನಾನು ಹೇಳುತ್ತಿಲ್ಲ. ಅಮೆರಿಕದ ತಜ್ಞರ ಕಾರ್ಯಪಡೆ 2012ರಲ್ಲಿ ತೊಂದರೆ ಇಲ್ಲದವರಿಗೆ ಸಾಮೂಹಿಕವಾಗಿ ಈ ಪರೀಕ್ಷೆ ಬೇಡ ಎಂದಿತು. ನಿಧಾನವಾಗಿ ಬೆಳೆಯುವ, ಎಂದೂ ಕಾಡದ ಕ್ಯಾನ್ಸರನ್ನೂ ಹಿಡಿದು ಅನಗತ್ಯ ಚಿಕಿತ್ಸೆ ಕೊಟ್ಟಂತಾಗುತ್ತದೆ ಎಂಬುದು ಕಾರಣ. 2018ರಲ್ಲಿ ಅದನ್ನು ಬದಲಿಸಿ, 55ರಿಂದ 69 ವಯಸ್ಸಿನವರು ವೈದ್ಯರೊಂದಿಗೆ ಮಾತಾಡಿ ನಿರ್ಧರಿಸಲಿ ಎಂದಿತು. ಆದರೆ ಮೂತ್ರದಲ್ಲಿ ರಕ್ತ ಕಂಡರೆ, ಮೂತ್ರ ಕಟ್ಟಿಕೊಂಡರೆ, ರಾತ್ರಿ ಪದೇಪದೇ ಏಳಬೇಕಾದರೆ ತಡಮಾಡದೆ ತೋರಿಸಬೇಕು.

ಮನೆಯ ಹಿರಿಯರನ್ನು ಕರೆದೊಯ್ಯುವವರು ಬಹಳ ಸಲ ನಾವೇ, ಅಂದರೆ ಕನ್ನಡ, ಇಂಗ್ಲಿಷ್ ಓದಲು ಬರುವ ಮೊಮ್ಮಕ್ಕಳು. ಹೋಗುವಾಗ ಹೊಸ ರಿಪೋರ್ಟಿನ ಜೊತೆ ಹಳೆಯ ರಿಪೋರ್ಟುಗಳನ್ನೂ ಒಯ್ಯಿರಿ, ಏಕೆಂದರೆ ಒಂದು ಅಂಕಿಗಿಂತ ಅಂಕಿಗಳ ಏರಿಳಿತ ಹೆಚ್ಚು ಹೇಳುತ್ತದೆ. ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಗಳನ್ನು ಕವರಿನಲ್ಲಿ ಹಾಕಿಕೊಳ್ಳಿ. ಇತ್ತೀಚೆಗೆ ಸೋಂಕು ಆಗಿತ್ತೇ, ನಳಿಕೆ ಹಾಕಿದ್ದರೇ ಎಂದು ಕೇಳಿ ಬರೆದುಕೊಳ್ಳಿ. ಅಜ್ಜ ನಿಮ್ಮೆದುರು ಹೇಳಲು ಸಂಕೋಚಪಟ್ಟರೆ ವೈದ್ಯರ ಕೋಣೆಯಲ್ಲಿ ಐದು ನಿಮಿಷ ಅವರೊಬ್ಬರನ್ನೇ ಬಿಟ್ಟು ಹೊರಗೆ ಬೆಂಚಿನ ಮೇಲೆ ಕೂತುಕೊಳ್ಳಿ.